ಗೇಟ್ ಕ್ಲೀನ್

ಮೊದಲು ಡಬ್ಬಿಯನ್ನು ಐಸಿನಿಂದ ತೆಗೆ. ತೆರೆಯಬೇಡ.
ಎರಡು ತಾಸು ನೆರಳಲ್ಲಿ ಬೆವರಲಿ,
ಬೆವರೆಲ್ಲ ಹೊರಗಿನ ತಗಡಿಗೇ ಇರಲಿ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಬಂಗಡೆ ಪೆಟ್ಟಿಗೆಗಳ ನಡುವೆ
ನಮ್ಮ ಹನ್ನೆರಡು ಡಬ್ಬಿಗೆ ಜಾಗ ಕೊಟ್ಟವನು ಬಸ್ತ್ಯಾಂವ್.
ದಿನಕ್ಕೆ ಐದು ರೂಪಾಯಿ. ವಾಸನೆ ಪುಕ್ಕಟೆ.

ನಾನೂರು ಅಡಿ, ಹನ್ನೊಂದು ನಿಮಿಷ.
ಸಮುದ್ರಕ್ಕೆ ಈ ಲೆಕ್ಕ ಗೊತ್ತಿಲ್ಲ,
ಅದು ತನ್ನ ಪಾಡಿಗೆ ಅಲೆ ಖರ್ಚು ಮಾಡುತ್ತಲೇ ಇರುತ್ತದೆ.
ನೀನು ಮೋಟರಿನ ಸದ್ದು ಕೇಳು:
ಯಾರೋ ನಿನ್ನ ಜೇಬಿನ ನೋಟು ಎಣಿಸಿದ ಹಾಗೆ,
ಸೆಕೆಂಡಿಗೆ ಇಪ್ಪತ್ನಾಲ್ಕು.

ಇನ್ನು ಕಪ್ಪು ಚೀಲ.
ತೋಳು ಮೊಣಕೈತನಕ ಒಳಗೆ,
ಕಣ್ಣು ಹೊರಗೆ, ಕೆಲಸವಿಲ್ಲದೆ.
ಮೊದಲ ದಿನ ಸುರುಳಿಯ ತುದಿ ಸಿಗದೆ
ಕೋಡಿಬಾಗದ ದಂಡೆಯಲ್ಲಿ ನನಗೆ ಅಳುವೇ ಬಂದಿತ್ತು.
ತುಳಸು ನೋಡುತ್ತಿದ್ದಳು.
ಕಾಳಿಯ ಅಳಿವೆಯಲ್ಲಿ ಸೊಂಟಮಟ ನಿಂತು
ಕಾಲ್ಬೆರಳಲ್ಲೇ ಬೆಳಚು ಹುಡುಕಿ ತೆಗೆಯುವವಳು.
‘ಕಣ್ಣು ಮುಚ್ಕೊ’ ಅಂದಳು,
‘ತೆರೆದಿಟ್ರೆ ಬೆರಳಿಗೆ ನಾಚ್ಕೆ.’
ಮುಚ್ಚಿದೆ.
ಹಲ್ಲು ತೂತನ್ನು ಕಂಡುಕೊಂಡಿತು.

ಯಾವ ಬದಿ ಅಂತ ಅನುಮಾನವಾದರೆ
ತುದಿಯ ಚೂರು ಹರಿದು ತುಟಿಗೆ ಹಚ್ಚು.
ಅಂಟಿದ್ದು ಎಮಲ್ಷನ್, ಅದರ ಮುಖ ಲೆನ್ಸಿಗೆ.
ಕುಣಿಕೆಯನ್ನು ಚೂರು ಸಡಿಲ ಬಿಡು,
ಬಿಗಿದರೆ ಹರಿಯುತ್ತದೆ; ಅತಿ ಬಿಟ್ಟರೆ
ಒಳಗೇ ಗೊಣಗುತ್ತದೆ.

ಬೆಳಕು? ಇಬ್ರಾಹಿಂ ಸಾಹೇಬರ ಮಾತು ಕೇಳು:
ನೆಗೆಟಿವ್ ಅಂದರೆ ಊಟಕ್ಕೆ ಕೂತ ನೆಂಟ.
ಒಂದು ಸೌಟು ಹೆಚ್ಚಾದರೆ ಹೇಗೋ ಅರಗಿಸಿಕೊಂಡಾನು.
ಕಡಿಮೆ ಬಡಿಸಿದೆಯೋ, ಆಮೇಲೆ ಲ್ಯಾಬಿನವರು
ಎಷ್ಟು ಬಳಿದರೂ ಎಲೆ ಖಾಲಿ.
ಮೀಟರನ್ನು ಮರಳಿಗೆ ಹಿಡಿಯಬೇಡ, ಸಂಜೆಯ ಮರಳು ಸುಳ್ಳಾಡುತ್ತದೆ.
ಮುಖದ ಹತ್ತಿರ ಹಿಡಿ.

ಇಷ್ಟೆಲ್ಲ ಪುಸ್ತಕದಲ್ಲೂ ಇದ್ದೀತು.

ಕೊನೆಯ ಸುರುಳಿ, ಉಳಿದದ್ದು ತೊಂಬತ್ತು ಅಡಿ.
ಸೂರ್ಯ ಕೂರ್ಮಗಡದ ಮೇಲೆ ಎರಡು ಬೆರಳಿನಷ್ಟು.
ತಲೆಯ ಬುಟ್ಟಿಯಿಂದ ನೀರು ಸುರಿಯುತ್ತ
ತುಳಸು ನದಿಯಿಂದ ಎದ್ದು ಬಂದಳು, ಒಂದೇ ಟೇಕು.
ಅಷ್ಟು ಚೆಂದ ಆಕೆ ಮತ್ತೆ ನಡೆಯಲಾರಳು ಅನ್ನಿಸಿತು.
ಇನ್ನೊಂದು ಶಾಟಿಗೆ ಬಂಡೆಯಾಚೆ ಓಡಬೇಕಿತ್ತು.
‘ಗೇಟ್?’ ಅಂದರು ಸಾಹೇಬರು.
ಟಾರ್ಚು ಚೀಲದ ತಳದಲ್ಲಿತ್ತು.
‘ಕ್ಲೀನ್’ ಅಂದೆ.
ನೋಡಿರಲಿಲ್ಲ.

ಡಬ್ಬಿಗಳು ರಾತ್ರಿ ಬಸ್ಸಿಗೆ ಮದ್ರಾಸು ಸೇರಿದವು.
ಮರುವರ್ಷ ಶಾಲೆಯ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದಾಗ
ತುಳಸುವಿನ ಹಿಂದೆ, ನೀರಿನ ಮೇಲೆ,
ಪುಟ್ಟದೊಂದು ಕಪ್ಪು ಅರ್ಧಚಂದ್ರ.
ಗೇಟಿನಲ್ಲಿ ಚಿತ್ರ ತಲೆಕೆಳಗು, ನೆನಪಿರಲಿ:
ಮೇಲಂಚಿಗೆ ಅಂಟಿದ್ದು ಪರದೆಯ ಕೆಳಗೆ ಬಂದು ಕೂರುತ್ತದೆ.
ದೋಣಿ ಎಷ್ಟು ಅಲುಗದೆ ನಿಂತಿದೆ ನೋಡಿ
ಎಂದರು ಹೆಡ್‌ಮಾಸ್ತರು.
ಸಾಹೇಬರು ನನ್ನ ಕಡೆ ತಿರುಗಲಿಲ್ಲ,
ಅದಕ್ಕಿಂತ ಬೈಗುಳ ಹಗುರ.

ಹಿಂದಿನ ಬೆಂಚಿನಿಂದ ಆಕೆಯದೇ ನಗು:
‘ಅದ್ ದೋಣಿ ಅಲ್ದೋ ಮಾರಾಯಾ,
ಬಂಗ್ಡೆ ಹುರ್ಪೆ!’

ಹುಂ. ನನ್ನ ತೋಳಿಗೆ ಹತ್ತಿ ಬಂದದ್ದು.
ತಗೋ ಟಾರ್ಚು.