ಎರಡನೇ ಡಿಸ್ಕ್

ದುರ್ಗಿಗುಡಿಯ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದೆ.
ಡಬ್ಬಿಯೊಳಗೆ ಎರಡು ತಟ್ಟೆ:
ಒಂದರಲ್ಲಿ ಸಿನಿಮಾ,
ಇನ್ನೊಂದರಲ್ಲಿ ಸಿನಿಮಾ ಆಗದೆ ಮಿಕ್ಕಿದ್ದು.

ಮೊದಲನೆಯದು ನಮಗೆ ಬೇಕಿರಲಿಲ್ಲ.
ತೀರ್ಥಹಳ್ಳಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು:
ಸೋದರಮಾವ ಮಂಚದ ಮೇಲೆ ಕೂತು ತೊಡೆ ತಟ್ಟಿ
‘ನಮ್ಮ ಮನೆತನ ಅಂದ್ರೆ ಬೀಟೆ ಮರ ಕಣಯ್ಯಾ, ಅಲ್ಲಾಡಲ್ಲ!’
ಅನ್ನುತ್ತಲೇ
ದಢಾರ್.

ಆ ಮಂಚ ನಮ್ಮಪ್ಪ ಮಾಡಿದ್ದು.
ಸಿದ್ದಯ್ಯಾಚಾರ್, ಆಜಾದ್ ರಸ್ತೆ, ಹಂಚಿನ ಮಾಡಿನ ಕೊಟ್ಟಿಗೆ.
ಚಿತ್ರ ಬಂದ ವಾರವೇ ಮಂಡಗದ್ದೆಯ ಮದುವೆಯವರು
ಮುಂಗಡ ವಾಪಸು ಕೇಳಿದರು,
‘ಹೆಣ್ಣು ಸ್ವಲ್ಪ ದಪ್ಪ, ಆಚಾರ್ರೇ’ ಎಂದು
ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿ.
ಶಾಲೆಯಲ್ಲಿ ನನ್ನ ಹೆಸರೇ ದಢಾರ್.
ಮೇಷ್ಟರೂ ಒಮ್ಮೆ ಹಾಜರಿ ಕೂಗುವಾಗ
ಬಾಯಿ ತಪ್ಪಿ ಅಂದುಬಿಟ್ಟರು.

ಆಮೇಲೆ ಅಪ್ಪ ಬೆಂಚು ಮಾಡಿದ.
ಬೆಂಚು ಮಾಡಿದ್ದು ಯಾರೆಂದು ಯಾರೂ ಕೇಳುವುದಿಲ್ಲ.

ಆದರೂ ಟಾಕೀಸಿಗೆ ಹನ್ನೊಂದು ಸಲ ಹೋದ.
ಹುಣ್ಣು ಕೆರೆದುಕೊಳ್ಳುವ ಚಟ ಎಂದಳು ಅತ್ತೆ.
ಒಮ್ಮೆ ನಾನೂ ಜೊತೆಗಿದ್ದೆ.
ಕುರ್ಚಿ ಖಾಲಿಯಿದ್ದರೂ ಕಂಬಕ್ಕೊರಗಿ ನಿಂತ,
ಮಂಚ ಬರುವ ಹೊತ್ತಿಗೆ
ಪರದೆಗೆ ಬೆನ್ನು ತಿರುಗಿಸಿ
ಜನರನ್ನು ನೋಡಿದ.
ನಾಚಿಕೆ ಅಂದುಕೊಂಡೆ.

ಈಗ ಎರಡನೇ ಡಿಸ್ಕು.
‘ತೆರೆಯ ಹಿಂದೆ’, ಹದಿನಾಲ್ಕು ನಿಮಿಷ,
ಬಣ್ಣ ಇಳಿದ ಮೂಕ ರೀಲು.
ಯಾರೋ ಕೊಡೆ ಹಿಡಿದಿದ್ದಾರೆ, ಯಾರೋ ಟೀ ಹಂಚುತ್ತಿದ್ದಾರೆ,
ಮಂಚದ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ.
ಪಟ್ಟೆ ಚಡ್ಡಿ.
‘ಅಯ್ಯೋ, ಆ ಚಡ್ಡಿ ನಾನು ಹೊಲಿದಿದ್ದು’ ಎಂದಳು ಅಮ್ಮ.

ಕಾಲುಗಳು ಜಾರಿ ಬಂದವು, ಹಿಂದೆಯೇ ಅಪ್ಪ ಬಂದ,
ಕಿವಿಯ ಮೇಲೆ ಪೆನ್ಸಿಲ್ಲು,
ಕೈಯಲ್ಲಿ ಬೆರಳಗಲದ ಗರಗಸ.
ಉಫ್ ಎಂದು ಹೊಟ್ಟು ಊದಿದ.
ಮೇಣಕ್ಕೆ ಹೊಟ್ಟು ಕಲಸಿ ಕೊಯ್ದ ಗಾಯಕ್ಕೆ ಮೆತ್ತಿದ,
ಬಟ್ಟೆಯಿಂದ ತಿಕ್ಕಿದ,
ಮಗುವಿನ ಮೂಗು ಒರೆಸುವ ಹಾಗೆ.
ನಟ ಕೂತ. ‘ಬೀಟೆ’ಗೇ ಮುರಿಯಿತು.
‘ಅಲ್ಲಾಡಲ್ಲ’ಕ್ಕೆ ಮುರಿಯಬೇಕು.
ಇನ್ನೊಂದು ಕಾಲು, ಇನ್ನೊಂದು ಕೊಯ್ತ, ನೂಲಿನಷ್ಟು ಕಮ್ಮಿ.
ಏಳು ಟೇಕು, ಕಡೆದಿಟ್ಟ ಏಳು ಕಾಲು,
ಒಂದರ ಹಾಗೇ ಒಂದು.
ಏಳನೆಯದು ಸರಿಯಾದ ಅಕ್ಷರಕ್ಕೆ ಸರಿಯಾಗಿ ಸೋತಿತು.
ಕೊಡೆ ಹಿಡಿದವನೂ ಕೊಡೆ ಬಿಟ್ಟು ನಕ್ಕ.
ಅಪ್ಪ ಮಾತ್ರ ಹೆಬ್ಬೆರಳಿಂದ ಮುರುಕನ್ನು ತಡವಿ ನೋಡುತ್ತಿದ್ದ.

ನಂತರ ನಿರ್ದೇಶಕರ ಸಂದರ್ಶನ. ಮುದಿ ದನಿ, ಹಿಂದೆ ಪಿಯಾನೋ.
‘ಅಲ್ಲೊಬ್ಬ ಲೋಕಲ್ ಆಚಾರಿ ಇದ್ದ.
ಬಿಡುಗಡೆ ಆಗೋವರೆಗೂ ಬಾಯಿ ಬಿಡಬೇಡ ಮಾರಾಯ ಅಂದಿದ್ದೆ,
ಗುಟ್ಟು ಗೊತ್ತಾದರೆ ನಗು ಸಾಯುತ್ತೆ.
ಹೆಸರು... ಏನೋ ಇತ್ತು.’

ಬಿಡುಗಡೆ ಆಯಿತೆಂದು
ಅಪ್ಪನಿಗೆ ಯಾರೂ ತಿಳಿಸಿರಲಿಕ್ಕಿಲ್ಲ.

ಅಮ್ಮ ಸೆರಗಿಂದ ಕನ್ನಡಕ ಒರೆಸಿ ಸಿಟ್ಟಾದಳು.
‘ನಲ್ಲಿಕಟ್ಟೆಯಲ್ಲಿ ಎಷ್ಟು ಜನರ ಜುಟ್ಟು ಹಿಡಿದಿದ್ದೆ ಇವರ ಪರವಾಗಿ!
ಮರ ಹಸಿ ಇತ್ತು ಅಂದೆ, ನಟ ದಪ್ಪ ಅಂದೆ,
ಸಿನಿಮಾದವರು ಹೊತ್ತು ತರುವಾಗ ಬೀಳಿಸಿದ್ರು ಅಂದೆ.
ಒಂದು ಮಾತು ಹೇಳಬಾರದಿತ್ತಾ?
ಒಲೆ ಮುಂದೆ ಕೂತಾಗಾದ್ರೂ?’
ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಆ ಊದೋದು ಇನ್ನೊಂದ್ಸಲ ಹಾಕು.’

ಹಾಕಿದೆ. ನಾಲ್ಕು ಸಲ.
ಆಮೇಲೆ ರಿಮೋಟು ಹುಡುಕುತ್ತ ಹಾಗೇ ನಿದ್ದೆ ಹೋದಳು,
ಅಪ್ಪ ಮಾಡಿದ ಇನ್ನೊಂದು ಮಂಚದಲ್ಲಿ,
ಯಾರೂ ಕೊಯ್ಯದ್ದು.

ಟಿವಿಯಲ್ಲಿ ಮೆನು ಹಾಗೇ ಸುತ್ತುತ್ತಿತ್ತು:
ಮಾವ ಕೂರುತ್ತಾನೆ, ತೊಡೆ ತಟ್ಟುತ್ತಾನೆ, ಬೀಳುತ್ತಾನೆ,
ಇಪ್ಪತ್ತು ಸೆಕೆಂಡಿಗೆ ಮತ್ತೆ ನೆಟ್ಟಗೆ.
ನಾನು ಸದ್ದು ಕಮ್ಮಿ ಮಾಡಿದೆ.
ಆರಿಸಲಿಲ್ಲ.