ಇಪ್ಪತ್ತೊಂದನೇ ನಂಬರಿನ ಸೂಜಿ

ಕೌಲ್ ಬಜಾರಿನ ನಮ್ಮ ಗಲ್ಲಿಯಲ್ಲಿ
ಕಾರು ನಿಂತರೆ ಆಟೋ ಹೋಗುವುದಿಲ್ಲ,
ಆಟೋ ನಿಂತರೆ ಎಮ್ಮೆ.
ಆದರೂ ತಂದ ನಮ್ಮಣ್ಣ ಎರ್ರಿಸ್ವಾಮಿ
ಗುಂತಕಲ್ಲಿನ ಯಾರೋ ರೈಲ್ವೆ ಗಾರ್ಡಿನ ಕೈಯಿಂದ
ಬಿಸ್ಕತ್ತು ಬಣ್ಣದ ಪದ್ಮಿನಿ.
ಎಂಬತ್ತೇಳನೇ ಇಸವಿಯದು,
ನನಗಿಂತ ಎರಡು ವರ್ಷ ದೊಡ್ಡದು.
ಅದಕ್ಕೇ ಅಕ್ಕ ಅಂದೆ.

ಬೆಳಿಗ್ಗೆ ಹೊತ್ತು ಅಕ್ಕ ಚೆಂದ.
ಚೋಕ್ ಎಳೆದರೆ ಒಂದು ಕೆಮ್ಮು, ಆಮೇಲೆ
ಗಿರಣಿಗೆ ಜೋಳ ಬಿದ್ದ ಹಾಗೆ ಒಂದೇ ಸಮನೆ ಸದ್ದು.
ಮೋಕಾದ ದಾರಿ ಹಿಡಿದು
ಹನ್ನೆರಡು ಕಿಲೋಮೀಟರ್ ಆಯಿತೋ ಇಲ್ಲವೋ
ತೊದಲುತ್ತಾಳೆ, ಮುಗ್ಗರಿಸುತ್ತಾಳೆ,
ಜಾಲಿಗಿಡದ ಪಕ್ಕ ನಿಂತುಬಿಡುತ್ತಾಳೆ.
ಅರ್ಧ ತಾಸು ಬಿಟ್ಟು ಕೀಲಿ ತಿರುವಿದರೆ
ಏನೂ ಆಗಿಲ್ಲದವಳ ಹಾಗೆ ಹೊರಡುತ್ತಾಳೆ.

ಟಿಂಕರ್ ಖಾಜಾಮೈನು ಬಂದು ಬಾನೆಟ್ಟಿಗೆ ಅಂಗೈ ಇಟ್ಟ:
"ಬಿಸಿಲಕ್ಕಾ, ಬಿಸಿಲು. ಪೆಟ್ರೋಲು ಪೈಪಿನಾಗ ಹಬೆ ಆಗ್ತೈತಿ."
ಬಳ್ಳಾರಿಯಲ್ಲಿ ಏಪ್ರಿಲ್ಲಿನ ಮೇಲೆ ಯಾವ ಅಪವಾದ ಹೊರಿಸಿದರೂ ನಂಬಬಹುದು.
ಫ್ಯಾಕ್ಟರಿಯಿಂದ ದಪ್ಪ ಜೀನ್ಸಿನ ತುಂಡು ತಂದು
ನೆನೆಸಿ, ಪಂಪಿಗೆ ಸುತ್ತಿ, ಎರಡು ಗಂಟು ಹಾಕಿದೆ.
ಎಂಜಿನ್ನಿನ ತುಂಬ ನೀಲಿ ಇಳಿಯಿತು.
ಅಕ್ಕ ಅದೇ ಜಾಲಿಗಿಡಕ್ಕೆ ನಿಂತಳು.

ಆಮೇಲೆ ಪ್ಲಗ್ಗು. ಆಮೇಲೆ ಕಂಡೆನ್ಸರ್. ಕಾಯಿಲ್.
ಪಾಯಿಂಟು ಕರಿ ಹಿಡಿದಿತ್ತು, ಉಪ್ಪುಕಾಗದದಿಂದ ಉಜ್ಜಿದೆ,
ಸಂದು ಅಳೆಯಲು ಗೇಜಿಲ್ಲ,
ರೇಷನ್ ಕಾರ್ಡಿನ ಲ್ಯಾಮಿನೇಷನ್ ಅಂಚು ತೂರಿಸಿ ಕೂಡಿಸಿದೆ.
ಅವ್ವ ಬೈದಳು: ಅಕ್ಕಿ ತರೋ ಕಾರ್ಡಿಗೆ ಆಯಿಲ್ ಬಳಿದಿ.
ಮೂರು ಸಾವಿರದ ಇನ್ನೂರು ಖರ್ಚಾಗಿತ್ತು.
ಅಣ್ಣ ಗುಜರಿಯವನ ಹತ್ತಿರ ಕಿಲೋ ಲೆಕ್ಕ ಕೇಳಿ ಬಂದಿದ್ದ,
ಊಟ ಮಾಡುವಾಗ ಹೇಳಲಿಲ್ಲ,
ಕೈ ತೊಳೆಯುವಾಗ ಹೇಳಿದ.

ನನ್ನ ಕೆಲಸ ಹೊಲಿಗೆ ಮಷಿನ್ನಿನ ರಿಪೇರಿ,
ನಲವತ್ತು ಮಷಿನ್ನಿಗೆ ನಾನೊಬ್ಬಳೇ.
ದಾರ ಕಡಿಯುತ್ತದೆ ಎಂದು ಹುಡುಗಿಯರು ಕೂಗಿದರೆ
ಸ್ಕ್ರೂಡ್ರೈವರ್ ತೆಗೆಯುವುದಿಲ್ಲ ನಾನು,
ಕೇಳುತ್ತೇನೆ:
ನಿನ್ನೆ ಇದ್ದದ್ದು ಇವತ್ತು ಏನು ಬದಲಾತು?
ದಾರವಾ, ಬಟ್ಟೆಯಾ, ಕೂತವಳಾ?
ಇಷ್ಟು ದಿನ ಅಕ್ಕನಿಗೆ ಮಾತ್ರ
ಈ ಪ್ರಶ್ನೆ ಯಾಕೆ ಕೇಳಲಿಲ್ಲವೋ.

"ಅಣ್ಣಾ, ಯಾವಾಗಿಂದ ಹಿಂಗ?"
"ಶಿವರಾತ್ರಿಯಿಂದ."
ಶಿವರಾತ್ರಿಯ ಜಾಗರಣೆಗೆ ಊರೆಲ್ಲ ಎಚ್ಚರ ಇದ್ದಾಗಲೇ
ಯಾವನೋ ಟ್ಯಾಂಕಿಗೆ ಪೈಪು ಹಾಕಿ
ನಾಲ್ಕು ಲೀಟರು ಹೀರಿದ್ದ.
ಮರುದಿನ ಅಣ್ಣ ತಂದಿದ್ದ
ಬೀಗದ ಮುಚ್ಚಳ, ಗುಜರಿಯಿಂದಲೇ.
ಅದರ ಕೀಲಿ ಅವನ ಉಡಿದಾರದಲ್ಲಿ.

ಜಾಲಿಗಿಡ. ಮಧ್ಯಾಹ್ನ. ಅಕ್ಕ ನಿಂತಳು.
ಅಣ್ಣ ರಸ್ತೆಗೆ ಬೆನ್ನು ಮಾಡಿ ಉಡಿದಾರ ಸಡಿಲಿಸಿ
ಕೀಲಿ ಕೊಟ್ಟ. ತಿರುವಿದೆ.
ಸ್ಸ್ಸ್...
ಕುಕ್ಕರಿನ ಹಾಗೆ ಹೊರಕ್ಕಲ್ಲ,
ಬಾವಿಯಿಂದ ಮೇಲೆ ಬಂದವರು ಎಳೆಯುತ್ತಾರಲ್ಲ, ಹಾಗೆ,
ಒಳಕ್ಕೆ.
ಕೂತು ಸ್ಟಾರ್ಟ್ ಮಾಡಿದ, ಒಂದೇ ಸಲಕ್ಕೆ ಎದ್ದಳು.

ಮುಚ್ಚಳ ತಿರುವಿ ನೋಡಿದೆ.
ಎಳ್ಳಿನಷ್ಟು ತೂತು ಇರಬೇಕಾದಲ್ಲಿ
ಅದಿರಿನ ಲಾರಿಗಳು ಬಿಟ್ಟುಹೋದ ಕೆಂಪು ಮಣ್ಣು,
ಗ್ರೀಸಿನ ಜೊತೆ ಸೇರಿ ಅರಗಿನಂತೆ ಗಟ್ಟಿ.
ಗಾಳಿ ಒಳಗೆ ಹೋಗದೆ
ಪೆಟ್ರೋಲು ಹೊರಗೆ ಬರುವುದು ಎಲ್ಲಿಂದ?
ರವಿಕೆಯ ತೋಳಿಗೆ ಚುಚ್ಚಿಕೊಂಡಿದ್ದ
ಇಪ್ಪತ್ತೊಂದನೇ ನಂಬರಿನ ಸೂಜಿ ತೆಗೆದು
ಎರಡು ಸಲ ಆಡಿಸಿದೆ.
ಉಗುರಿನ ಮೇಲೆ ಕೆಂಪು ಪುಡಿ, ಅಷ್ಟೇ.

"ಇಷ್ಟೇನಾ?" ಅಂದ ಅಣ್ಣ.
"ಇಷ್ಟ."
ಮೋಕಾ ಬರುವವರೆಗೂ ಮಾತಾಡಲಿಲ್ಲ.
ಸಿಟ್ಟು ನನ್ನ ಮೇಲೋ, ಮೂರು ಸಾವಿರದ ಇನ್ನೂರರ ಮೇಲೋ.
ಹಗರಿಯ ಉಸುಕು ಕಂಡಾಗ
ಪೆಟ್ರೋಲು ಕದ್ದವನ ವಂಶವನ್ನು ಹೆಸರಿಲ್ಲದೆ ಬೈದು
ಹಗುರಾದ.

ಸೂಜಿ ಒರೆಸಿದ್ದೆನೆಂದೇ ನೆನಪು.
ಮರುದಿನ ಏಳನೇ ಮಷಿನ್ನಿಗೆ ಹಾಕಿ ನೋಡಿದಾಗ
ಮೊದಲ ಜೇಬಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ.
ಸೂಪರ್‌ವೈಸರ್ ಪಂಪಾಪತಿ ಸೀಮೆಸುಣ್ಣದಲ್ಲಿ ಗೀಟೆಳೆದು
ರಿಜೆಕ್ಟಿನ ರಾಶಿಗೆ ಎಸೆದ.
ಅರ್ಧ ಬೆಲೆಗೆ ನಾನೇ ಕೊಂಡೆ.
ಅಣ್ಣನ ಅಳತೆಯದಲ್ಲ, ನಾನು ಹಾಕುವುದಿಲ್ಲ.
ಸೊಂಟ ಬಿಚ್ಚಿ, ಕಾಲು ಸೀಳಿ,
ಸ್ಪ್ರಿಂಗ್ ಎದ್ದಿದ್ದ ಅಕ್ಕನ ಮುಂದಿನ ಸೀಟಿಗೆ ಹೊಲಿದೆ,
ಜೇಬು ಮೇಲೆ ಬರುವ ಹಾಗೆ.
ಈಗ ಟ್ಯಾಂಕಿನ ಕೀಲಿ ಅದರೊಳಗೆ.