ಬೀಗ ಹಿಡಿದವನ ನಿದ್ದೆ

ರಾತ್ರಿ ಎರಡೂ ಮುಕ್ಕಾಲು. ನ್ಯೂಪೋರ್ಟಿನ ಹೊಳೆ
ಇಳಿತದಲ್ಲಿ ಬರೀ ಕೆಸರು.
ಮೂರನೇ ಮಹಡಿಯಲ್ಲಿ ನಾನು, ಆರಿಹೋದ ಚಹಾ,
ಪರದೆಯ ಮೇಲೆ ಅದೇ ಸಾಲು:
ಸಿಪಿಯು ಮೂರು ಸಿಕ್ಕಿಬಿದ್ದಿದೆ, ಇಪ್ಪತ್ತೆರಡು ಸೆಕೆಂಡಿನಿಂದ.
ಸಿಪಿಯು ಐದು. ಸಿಪಿಯು ಏಳು.
ಮತ್ತೆ ಮೂರು.

ಕುರಿಗಳ ರಹದಾರಿ ಬರೆಯುವ ಯಂತ್ರ ಇದು.
ಬೆಳಗಾದರೆ ಬ್ರೆಕನ್ನಿನಲ್ಲಿ ಹರಾಜು;
ಚೀಟಿಯಿಲ್ಲದೆ ಒಂದು ಟಗರೂ ಲಾರಿ ಹತ್ತುವಂತಿಲ್ಲ.
ನಿದ್ದೆ ಬಾರದಿದ್ದರೆ ಇಲ್ಲಿಯವರು ಕುರಿ ಎಣಿಸುತ್ತಾರಂತೆ.
ನಾವು ಎಣಿಸುವವನನ್ನೇ ಎಬ್ಬಿಸಬೇಕು.

ಯಂತ್ರ ಅನ್ನುವುದೂ ಬಾಯಿಮಾತು.
ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಹನ್ನೊಂದು ಬಾಡಿಗೆ ಮನೆ,
ಒಂದೊಂದಕ್ಕೂ ತಾನೇ ಮಾಲೀಕನೆಂಬ ಭ್ರಮೆ.
ನಮ್ಮದರಲ್ಲಿ ಎಂಟು ಸಿಪಿಯು, ಅವೂ ಕಾಗದದ ಮೇಲಿನ ಎಂಟು,
ಒಂದೇ ಬೀಗಕ್ಕೆ ಸರದಿ.
ಸಿಗದವನು ಕೂರುವುದಿಲ್ಲ, ಮಲಗುವುದಿಲ್ಲ:
ಸಿಕ್ಕಿತೆ? ಇಲ್ಲ. ಸಿಕ್ಕಿತೆ? ಇಲ್ಲ.
ಗಾಣವೇ ಇಲ್ಲದ ಗಾಣದೆತ್ತು,
ಸೆಕೆಂಡಿಗೆ ಕೋಟಿ ಸುತ್ತು,
ತೊಟ್ಟು ಎಣ್ಣೆಯಿಲ್ಲ, ಬಿಸಿ ಮಾತ್ರ.

ಬರೆದವನದು ತಪ್ಪಲ್ಲ. ಅವನ ಕಾಲದಲ್ಲಿ
ಬೀಗ ಹಿಡಿದವನು ಎಚ್ಚರವಿರುತ್ತಿದ್ದ,
ರೆಪ್ಪೆ ಬಡಿಯುವುದರೊಳಗೆ ಬಿಟ್ಟುಬಿಡುತ್ತಿದ್ದ.
ಮನೆಗೆ ಹೋಗಿ ಬರುವುದಕ್ಕಿಂತ
ಬಾಗಿಲಲ್ಲಿ ನಿಂತು ಕಾಯುವುದೇ ಲೇಸು.

ಮೂರನೇ ರಾತ್ರಿ ಇದು. ರೆಜಿಸ್ಟರುಗಳ ಪಂಚನಾಮೆ ಮುಗಿದಿದೆ.
ಕಾಯುವವರೆಲ್ಲ ಸಿಕ್ಕಿದರು, ಹಿಡಿದವನು ಸಿಗಲಿಲ್ಲ.
ಸಿಪಿಯು ಎರಡರ ಮೇಲೆ ದೂರೇ ಇಲ್ಲ. ಸದ್ದಿಲ್ಲ. ಸಂಭಾವಿತ.

ಕರೆಯಲ್ಲಿ ನಾಲ್ವರು: ನಾನು, ಲೀಡ್ಸಿನಿಂದ ಓಲುಚಿ,
ಡಂಡೀಯಿಂದ ಮೋರಾಗ್, ಮತ್ತು ಎಮ್ರಿಸ್ ಪ್ಯೂ,
ಅರವತ್ತೊಂದು ವರ್ಷ, ಟೇಪು ಸುತ್ತುತ್ತಿದ್ದ ಕಾಲದಿಂದ ಇದೇ ಕೆಲಸ.
"ಈಗ ನಾವು ನೋಡಬೇಕಾದ್ದು..." ಅಂದರು.

ನಿಶ್ಶಬ್ದ.

ಅವರ ಮಾತಿಗೆ ಅಡ್ಡ ಬಾಯಿ ಹಾಕುವ ರೂಢಿ ನಮಗಿಲ್ಲ.
ಓಲುಚಿ ಉಸಿರೆಳೆದಳು, ಬಿಟ್ಟಳು.
ಮೋರಾಗ್ ಬಿಸ್ಕತ್ತು ಮುರಿದ ಸದ್ದು.
ಮುಗಿಯಿತೆ? ಇಲ್ಲ. ಮುಗಿಯಿತೆ? ಇಲ್ಲ.
ಗಡಿಯಾರ ನಲವತ್ತು ಎಣಿಸಿತು.

"...ನಾನೂರ ಹನ್ನೆರಡನೇ ಸಾಲು," ಅಂದರು ಎಮ್ರಿಸ್.
ಅದೇ ದನಿ, ಅದೇ ಉಸಿರಿನ ಉಳಿದರ್ಧ.
ತೂಕಡಿಸಿದ್ದು ಅವರಿಗೆ ಗೊತ್ತೇ ಇಲ್ಲ.
ಅವರ ಪಾಲಿಗೆ ವಾಕ್ಯ ತುಂಡಾಗಿಯೇ ಇರಲಿಲ್ಲ.

ತುಟಿಯ ಹತ್ತಿರ ನನ್ನ ಲೋಟ ನಿಂತುಬಿಟ್ಟಿತು.

ಬೀಗ ಕೈಯಲ್ಲಿರುವಾಗಲೇ ಎರಡನೆಯವನನ್ನು
ಹೈಪರ್‌ವೈಸರ್ ಎತ್ತಿ ಪಕ್ಕಕ್ಕಿಟ್ಟಿದೆ,
ಅವನ ಹೊತ್ತನ್ನು ನೆರೆಮನೆಗೆ ಹಂಚಿದೆ.
ಲೆಕ್ಕದಲ್ಲಿ ಅದಕ್ಕೊಂದು ಅಂಕಣವೂ ಇದೆ: ಕದ್ದ ಕಾಲ.
ಮೂರು ರಾತ್ರಿ ಕಣ್ಣೆದುರೇ ಇದ್ದ ಅಂಕಣ!
ಇವನು ಕಳ್ಳನಲ್ಲ, ಕಳಕೊಂಡವನು.
ನಡುವೆ ಕತ್ತರಿಸಿದ ಗುರುತೂ ಅವನ ಮೈಮೇಲಿಲ್ಲ.

ಮದ್ದು ಮೊದಲೇ ಇತ್ತು: ಸ್ವಲ್ಪ ಸುತ್ತು, ಸಿಗದಿದ್ದರೆ ಮಲಗು,
ಬಿಟ್ಟವನು ಬಂದು ತಟ್ಟುತ್ತಾನೆ.
ಯಾರೋ ಅದನ್ನು ಆರಿಸಿಟ್ಟಿದ್ದರು, ಎಂಟು ವರ್ಷದ ಹಿಂದೆ,
ಪಕ್ಕದಲ್ಲಿ ಒಂದೇ ಪದ: ಸದ್ಯಕ್ಕೆ.
ಕೆಳಗೆ ಎರಡಕ್ಷರ. ಇ. ಪಿ.

ಆ ಸಾಲು ಅಳಿಸಿದೆ. ಯಂತ್ರ ಬಿದ್ದು ಎದ್ದಿತು.
ನಾಲ್ಕೂ ಹತ್ತಕ್ಕೆ ಮೊದಲ ರಹದಾರಿ:
ನಲವತ್ತಾರು ಹೆಣ್ಣು ಕುರಿ, ಒಂದು ಟಗರು, ಲಾರಿ ಒಂದು.
ವರದಿಯ 'ಕಾರಣ' ಎಂಬಲ್ಲಿ 'ಹಳೆಯ ಹೊಂದಿಕೆ' ಎಂದಷ್ಟೇ ಬರೆದೆ.

"ಎಮ್ರಿಸ್, ಆಯಿತು," ಅಂದಳು ಓಲುಚಿ.
"ಹಾಗಾದರೆ ಇನ್ನು ನಾವು..." ಅಂದರು ಅವರು.

ಈ ಸಲ ಯಾರೂ ಸುತ್ತಲಿಲ್ಲ.
ಮೋರಾಗ್ ದೀಪ ಆರಿಸಿದ ಸದ್ದು.
ನಾನು ಫೋನು ದಿಂಬಿನ ಪಕ್ಕ ಇಟ್ಟೆ, ಕರೆ ಕತ್ತರಿಸದೆ.
ಎದ್ದಾಗ ತಟ್ಟಲಿ.
ಹೊಳೆಗೆ ನೀರು ಏರತೊಡಗಿತ್ತು.